ಟೋಕಿಯೋ ನೆಲದಡಿಯ ರೈಲುದಾರಿಯ ಪಿತಾಮಹ

ಮಹಾಪುರುಷರ ಜೀವನಚರಿತ್ರೆ ಎಂದೊಡನೆ ನಮ್ಮ ಮನಸ್ಸು ಸಾಮಾನ್ಯವಾಗಿ ರಾಜರ ಕಡೆಗೋ, ಕವಿಗಳ ಕಡೆಗೋ, ಸಾಧುಸಂತರ ಕಡೆಗೋ ಹರಿಯುತ್ತದೆ. ಊರಿಗೆ ಕೆರೆ ಕಟ್ಟಿಸಿದವನನ್ನು, ಹೊಳೆಗೆ ಸೇತುವೆ ಹಾಕಿಸಿದವನನ್ನು, ಅವನ ಕೆಲಸದ ಫಲವನ್ನು ಉಣ್ಣುತ್ತಲೇ ನಾವು ಮರೆತುಬಿಡುತ್ತೇವೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಸಾರಿಗೆಯ ವಿಷಯವನ್ನು ಓದುವಾಗ ಅಂಥ ಒಬ್ಬರ ಪರಿಚಯ ನನಗಾಯಿತು. ಅವರು ಜಪಾನ್ ದೇಶದ ಹಯಕಾವ ನೊರಿತ್ಸುಗು. ಅಲ್ಲಿಯ ಪದ್ಧತಿಯಂತೆ ಮೊದಲು ಬರುವುದು ಮನೆತನದ ಹೆಸರು. ಆದ್ದರಿಂದ ನಾನೂ ಅವರನ್ನು ಹಯಕಾವರೆಂದೇ ಕರೆಯುತ್ತೇನೆ. ಜಪಾನೀಯರು ಇವರನ್ನು ಸುರಂಗ ರೈಲಿನ ಪಿತಾಮಹರೆಂದು ಗೌರವಿಸುತ್ತಾರೆ. ಇವರ ಜೀವನದಲ್ಲಿ ಗೆಲುವೂ ಇದೆ, ಸೋಲೂ ಇದೆ. ಗೆಲುವಿಗಿಂತ ಸೋಲೇ ನನ್ನನ್ನು ಹೆಚ್ಚು ಚಿಂತನೆಗೆ ಹಚ್ಚಿತಾದ್ದರಿಂದ ಅವರ ಕಥೆಯನ್ನು ಸಹಪಾಠಿಗಳ ಮುಂದಿಡಲು ಬಯಸಿದ್ದೇನೆ.

ಇಂದು ಟೋಕಿಯೋ ನಗರದ ನೆಲದಡಿಯಲ್ಲಿ ಹದಿಮೂರು ಸುರಂಗ ರೈಲುಮಾರ್ಗಗಳು ಓಡುತ್ತಿವೆ. ನೆಲದ ಮೇಲಿನ ಹಾಗೂ ಕೆಳಗಿನ ಅನೇಕ ಮಾರ್ಗಗಳು ಕೂಡುವ ಶಿಂಜುಕು ನಿಲ್ದಾಣವು ಪ್ರಪಂಚದಲ್ಲಿಯೇ ಅತ್ಯಂತ ಹೆಚ್ಚು ಜನಸಂದಣಿಯ ನಿಲ್ದಾಣವೆಂದು ಹೆಸರಾಗಿದೆ. ಆದರೆ ನೆಲದಡಿಯ ಈ ದೊಡ್ಡ ಜಾಲವು ಮೊಳೆತದ್ದು ಕೇವಲ ೨.೨ ಕಿಲೋಮೀಟರ್ ಉದ್ದದ, ನಾಲ್ಕೇ ನಿಲ್ದಾಣಗಳ ಒಂದು ಪುಟ್ಟ ದಾರಿಯಿಂದ. ಆ ಬೀಜವನ್ನು ಬಿತ್ತಿದವರೇ ಹಯಕಾವರು.

ಹಯಕಾವರು ಹುಟ್ಟಿದ್ದು ೧೮೮೧ರ ಅಕ್ಟೋಬರ್ ತಿಂಗಳಿನಲ್ಲಿ, ಟೋಕಿಯೋ ನಗರಕ್ಕೆ ಪಶ್ಚಿಮದಲ್ಲಿರುವ ಯಮನಾಶಿ ಪ್ರಾಂತದ ಹಳ್ಳಿಯೊಂದರಲ್ಲಿ. ಸುತ್ತಲೂ ಬೆಟ್ಟಗಳು, ನಡುವೆ ದ್ರಾಕ್ಷಿ ಬೆಳೆಯುವ ಬಯಲು, ದಕ್ಷಿಣಕ್ಕೆ ಫ್ಯೂಜಿ ಪರ್ವತ. ಜಪಾನಿನ ಮೊದಲ ರೈಲು ಶಿಂಬಾಶಿಯಿಂದ ಯೊಕೊಹಾಮಾಕ್ಕೆ ಓಡಿದ್ದು ೧೮೭೨ರಲ್ಲಿ. ಅಂದರೆ ರೈಲು ಬಂದ ಒಂಬತ್ತು ವರ್ಷಕ್ಕೆ ಹಯಕಾವರ ಜನನವಾಯಿತು. ಹಳೆಯ ಜಪಾನು ಮರೆಯಾಗಿ ಹೊಸ ಜಪಾನು ತಲೆಯೆತ್ತುತ್ತಿದ್ದ ಕಾಲ ಅದು. ಟೋಕಿಯೋದ ವಾಸೆದಾ ವಿಶ್ವವಿದ್ಯಾಲಯದಲ್ಲಿ ಅವರು ನ್ಯಾಯಶಾಸ್ತ್ರವನ್ನು ಓದಿದರು. ನಮ್ಮ ಕಥಾನಾಯಕರು ಇಂಜಿನಿಯರಲ್ಲ ಎಂಬುದನ್ನು ಇಲ್ಲಿಯೇ ನೆನಪಿನಲ್ಲಿಡಬೇಕು. ನಮ್ಮಂತೆ ಅವರೂ ಪುಸ್ತಕ ವಿದ್ಯೆಯ ಪದವೀಧರರೇ.

ಆ ಕಾಲದ ಜಪಾನಿನಲ್ಲಿ ಗೋತೋ ಶಿನ್ಪೇ ಎಂಬ ಮುತ್ಸದ್ದಿಯ ಹೆಸರು ತರುಣರನ್ನು ಬಹಳವಾಗಿ ಆಕರ್ಷಿಸುತ್ತಿತ್ತು. ಅವರು ಮಂಚೂರಿಯಾ ರೈಲ್ವೆಯ ಮೊದಲ ಅಧ್ಯಕ್ಷರಾಗಿದ್ದು, ಬಳಿಕ ಸರ್ಕಾರದ ರೈಲ್ವೆ ಆಡಳಿತದ ಮುಖ್ಯಸ್ಥರಾದರು. ಹಯಕಾವರು ಅವರನ್ನೇ ಆಶ್ರಯಿಸಿ ರೈಲ್ವೆ ಕ್ಷೇತ್ರವನ್ನು ಪ್ರವೇಶಿಸಿದರು. ಮುಂದೆ ತಮ್ಮದೇ ಪ್ರಾಂತದವರಾದ ನೇಜು ಕಾಯಿಚಿರೋ ಎಂಬ ಉದ್ಯಮಿಯ ಕಣ್ಣಿಗೆ ಬಿದ್ದರು. ನಷ್ಟದಲ್ಲಿ ನರಳುತ್ತಿದ್ದ ರೈಲ್ವೆ ಕಂಪನಿಗಳನ್ನು ಕೊಂಡು ನೆಟ್ಟಗೆ ಮಾಡುವುದರಲ್ಲಿ ನೇಜು ಅವರದು ಎತ್ತಿದ ಕೈ. ಸಾನೋ ಎಂಬಲ್ಲಿಯ ಸಣ್ಣ ರೈಲ್ವೆಯನ್ನೂ, ಕೋಯಾ ಬೆಟ್ಟದ ಕಡೆಗೆ ಹೋಗುವ ರೈಲ್ವೆಯನ್ನೂ ನೇಜು ಅವರು ಹಯಕಾವರ ಕೈಗೊಪ್ಪಿಸಿದರು. ಇನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ತರುಣನು ಆ ಎರಡನ್ನೂ ಸುಸ್ಥಿತಿಗೆ ತಂದದ್ದು ಸಾಮಾನ್ಯ ಸಂಗತಿಯಲ್ಲ. ಲೆಕ್ಕದ ಪುಸ್ತಕವನ್ನೂ ಓದಬೇಕು, ಪ್ರಯಾಣಿಕನ ಮುಖವನ್ನೂ ಓದಬೇಕು ಎಂಬ ಪಾಠವನ್ನು ಅವರು ಕಲಿತದ್ದು ಇಲ್ಲಿಯೇ ಇರಬೇಕೆಂದು ನನ್ನ ಊಹೆ.

೧೯೧೪ರಲ್ಲಿ ಅವರು ರೈಲ್ವೆ ಮತ್ತು ಬಂದರುಗಳ ವ್ಯವಸ್ಥೆಯನ್ನು ಅಭ್ಯಾಸ ಮಾಡಲು ಇಂಗ್ಲೆಂಡಿಗೆ ಹೊರಟರು. ಅದೇ ವರ್ಷದ ಡಿಸೆಂಬರಿನಲ್ಲಿ ಟೋಕಿಯೋ ನಗರದ ಮಧ್ಯದಲ್ಲಿ ಕೆಂಪು ಇಟ್ಟಿಗೆಯ ಭವ್ಯವಾದ ಕೇಂದ್ರ ನಿಲ್ದಾಣವು ತೆರೆಯಿತು. ಇಡೀ ಜಪಾನು ಆ ಕಟ್ಟಡವನ್ನು ನೋಡಿ ಹೆಮ್ಮೆಪಡುತ್ತಿದ್ದಾಗ ಹಯಕಾವರು ಲಂಡನ್ನಿನ ನೆಲದಡಿಯಲ್ಲಿ ನಿಂತು ಬೇರೊಂದು ಬಗೆಯ ನಿಲ್ದಾಣವನ್ನು ನೋಡಿ ಬೆರಗಾಗಿದ್ದರು. ಲಂಡನ್ನಿನಲ್ಲಿ ಸುರಂಗ ರೈಲು ೧೮೬೩ರಲ್ಲಿಯೇ ಆರಂಭವಾಗಿತ್ತು. ಮೊದಲು ಹೊಗೆ ಕಾರುವ ಉಗಿಬಂಡಿ. ೧೮೯೦ರಿಂದ ವಿದ್ಯುತ್ ಬಂಡಿ. ಬೀದಿಯಲ್ಲಿ ಗಾಡಿಗಳು ಒಂದಕ್ಕೊಂದು ತಾಗಿ ನಿಂತಿದ್ದರೂ ನೆಲದ ಕೆಳಗೆ ಸಾವಿರಾರು ಜನ ತಡೆಯಿಲ್ಲದೆ ಹೋಗಿಬರುತ್ತಿದ್ದರು. ಬಂದ ಕೆಲಸವನ್ನು ಬದಿಗೊತ್ತಿ ಹಯಕಾವರು ಈ ವಿದ್ಯೆಯ ಬೆನ್ನು ಹತ್ತಿದರು. ಯೂರೋಪಿನಲ್ಲಿ ಮಹಾಯುದ್ಧವು ನಡೆಯುತ್ತಿದ್ದ ದಿನಗಳಲ್ಲಿಯೇ ಗ್ಲಾಸ್ಗೋ, ಪ್ಯಾರಿಸ್, ನ್ಯೂಯಾರ್ಕ್ ನಗರಗಳ ಸುರಂಗ ರೈಲುಗಳನ್ನೂ ನೋಡಿಕೊಂಡು ೧೯೧೬ರಲ್ಲಿ ತಾಯ್ನಾಡಿಗೆ ಮರಳಿದರು.

ಆಗ ಟೋಕಿಯೋದಲ್ಲಿ ಬೀದಿಯ ಟ್ರಾಮು ಬಿಟ್ಟರೆ ಜನರಿಗೆ ಬೇರೆ ಗತಿಯಿರಲಿಲ್ಲ. ಟ್ರಾಮಿನ ಬಾಗಿಲಿಗೆ ಜನ ಜೋತುಬಿದ್ದು ಹೋಗುತ್ತಿದ್ದರು. ಹಯಕಾವರು ತಮ್ಮ ಯೋಚನೆಯನ್ನು ಹೇಳಿಕೊಂಡಾಗ ಕೇಳಿದವರು ನಕ್ಕರು. ಟೋಕಿಯೋದ ನೆಲ ಹೊಳೆಯ ಮೆಕ್ಕಲಿನಿಂದಾದದ್ದು, ತೋಡಿದರೆ ನೀರು, ಅದರ ಮೇಲೆ ಭೂಕಂಪದ ದೇಶ, ಇಲ್ಲಿ ಸುರಂಗವೆಲ್ಲಿಯ ಮಾತು ಎಂಬುದು ತಜ್ಞರ ಅಭಿಪ್ರಾಯವಾಗಿತ್ತು. ಇಷ್ಟು ಹಣ ಹೂಡಿದರೆ ಹತ್ತುವವರು ಯಾರು ಎಂಬುದು ಹಣವಂತರ ಪ್ರಶ್ನೆಯಾಗಿತ್ತು.

ಇಲ್ಲಿಂದ ಮುಂದೆ ಹಯಕಾವರು ಮಾಡಿದ ಕೆಲಸವು ವಿದ್ಯಾರ್ಥಿಗಳಾದ ನಮಗೆ ಅತ್ಯಂತ ಬೋಧಪ್ರದವಾದುದು. ಅವರು ವಾದಕ್ಕೆ ನಿಲ್ಲಲಿಲ್ಲ, ಎಣಿಸಲು ನಿಂತರು. ಜೇಬಿನಲ್ಲಿ ಕಪ್ಪು ಕಾಳು, ಬಿಳಿ ಕಾಳುಗಳನ್ನು ತುಂಬಿಕೊಂಡು ನಗರದ ದೊಡ್ಡ ದೊಡ್ಡ ಕೂಡುರಸ್ತೆಗಳಲ್ಲಿ ನಿಂತು, ಹಾದುಹೋಗುವ ಟ್ರಾಮುಗಳನ್ನೂ, ಗಾಡಿಗಳನ್ನೂ, ಪಾದಚಾರಿಗಳನ್ನೂ, ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಕಾಳು ಹಾಕುತ್ತ ಲೆಕ್ಕಹಿಡಿದರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಒಂದೆರಡು ದಿನವಲ್ಲ, ತಿಂಗಳುಗಟ್ಟಲೆ ಹೀಗೆ ನಡೆಯಿತು. ಸರ್ಕಾರದ ಸಹಾಯವಿಲ್ಲ, ಕೈಕೆಳಗೆ ಗುಮಾಸ್ತರ ಪಡೆಯಿಲ್ಲ. ಹೀಗೆ ಲೆಕ್ಕಹಾಕಿದಾಗ ನಗರದಲ್ಲಿ ಅತ್ಯಂತ ಹೆಚ್ಚು ಜನ ಓಡಾಡುವ ದಾರಿ ಯಾವುದೆಂದು ತಿಳಿದುಬಂತು. ಅದು ಆಸಾಕುಸದಿಂದ ಉಯೆನೋ, ಗಿಂಜಾ, ಶಿಂಬಾಶಿಗಳ ಮೂಲಕ ಶಿನಾಗಾವದ ಕಡೆಗೆ ಹೋಗುವ ದಾರಿ. ಆಸಾಕುಸದಲ್ಲಿ ಪ್ರಸಿದ್ಧವಾದ ಕನ್ನೋನ್ ದೇವಾಲಯವೂ ನಾಟಕಶಾಲೆಗಳೂ ಇದ್ದವು. ಉಯೆನೋ ಉತ್ತರ ಜಪಾನಿನಿಂದ ಬರುವ ರೈಲುಗಳ ಹೆಬ್ಬಾಗಿಲು. ಗಿಂಜಾ ದೊಡ್ಡ ಅಂಗಡಿಗಳ ಬೀದಿ.

ಇನ್ನು ನೆಲದ ಪ್ರಶ್ನೆ. ಇದಕ್ಕೂ ಅವರು ಉತ್ತರವನ್ನು ಹುಡುಕಿ ತೆಗೆದರು. ಸೇತುವೆಗಳ ಕಂಬ ನಿಲ್ಲಿಸಲು ನಗರಸಭೆಯವರು ಅಲ್ಲಲ್ಲಿ ನೆಲ ಕೊರೆದು ಪರೀಕ್ಷೆ ಮಾಡಿದ್ದರು. ಆ ದಾಖಲೆಗಳನ್ನು ನೋಡಿದಾಗ ಮೇಲಿನ ಮೆತ್ತನೆಯ ಪದರದ ಕೆಳಗೆ ಗಟ್ಟಿ ಪದರವಿದೆಯೆಂಬುದು ಗೊತ್ತಾಯಿತು. ಅಂತರ್ಜಲದ ವಿಚಾರವನ್ನೂ ಅವರು ಹೀಗೆಯೇ ವಿಚಾರಿಸಿ ತಿಳಿದರು. ತಜ್ಞರು ಊಹಿಸಿ ಹೇಳಿದ್ದನ್ನು ಇಂಜಿನಿಯರಲ್ಲದ ಒಬ್ಬ ಪದವೀಧರನು ಅಂಕಿ ಅಂಶಗಳನ್ನಿಟ್ಟು ನಿರಾಕರಿಸಿದನು. ಜಪಾನಿನ ಉದ್ಯಮರಂಗದ ಭೀಷ್ಮನಂತಿದ್ದ ಶಿಬುಸಾವ ಎಯಿಚಿ ಅವರು ಈ ಅಂಕಿಗಳನ್ನು ನೋಡಿ ಬೆಂಬಲಕ್ಕೆ ನಿಂತರು. ೧೯೧೭ರಲ್ಲಿ ಸಲ್ಲಿಸಿದ ಅರ್ಜಿಗೆ ೧೯೧೯ರಲ್ಲಿ ಸರ್ಕಾರದ ಪರವಾನಗಿ ದೊರೆಯಿತು. ೧೯೨೦ರಲ್ಲಿ ಟೋಕಿಯೋ ಸುರಂಗ ರೈಲ್ವೆ ಕಂಪನಿಯು ಸ್ಥಾಪನೆಯಾಯಿತು. ಹೆಸರಾಂತ ಇಂಜಿನಿಯರಾದ ಫುರುಇಚಿ ಕೋಯಿ ಅವರು ಅಧ್ಯಕ್ಷರಾದರು. ಕೆಲಸದ ಹೊರೆಯೆಲ್ಲ ಹಯಕಾವರ ಹೆಗಲಿಗೇರಿತು.

ಆದರೆ ವಿಧಿಯ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ೧೯೨೩ರ ಸೆಪ್ಟೆಂಬರ್ ೧ರಂದು ಮಧ್ಯಾಹ್ನದ ಹೊತ್ತಿಗೆ ಮಹಾಭೂಕಂಪವಾಯಿತು. ಅದರ ಹಿಂದೆಯೇ ಎದ್ದ ಬೆಂಕಿಯಲ್ಲಿ ಟೋಕಿಯೋ, ಯೊಕೊಹಾಮಾ ನಗರಗಳು ಬೂದಿಯಾದವು. ಸತ್ತವರ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ಮನೆಮಠ ಕಳೆದುಕೊಂಡ ನಗರದಲ್ಲಿ ಸುರಂಗ ರೈಲಿಗೆ ಹಣ ಕೊಡುವವರು ಯಾರು? ಬೇರೆ ಯಾರಾದರೂ ಆಗಿದ್ದರೆ ಕಂಪನಿಯ ಬಾಗಿಲು ಹಾಕಿ ಊರಿಗೆ ಹೋಗುತ್ತಿದ್ದರು. ಹಯಕಾವರು ಯೋಜನೆಯನ್ನು ಬಿಡಲಿಲ್ಲ, ಕಿರಿದು ಮಾಡಿಕೊಂಡರು. ಮೊದಲು ಉಯೆನೋದಿಂದ ಶಿಂಬಾಶಿಯವರೆಗೆ ದಾರಿ ತೆಗೆಯಬೇಕೆಂದಿದ್ದವರು, ಕೈಯಲ್ಲಿದ್ದ ಹಣಕ್ಕೆ ತಕ್ಕಂತೆ ಉಯೆನೋದಿಂದ ಆಸಾಕುಸದವರೆಗಿನ ೨.೨ ಕಿಲೋಮೀಟರಿಗೆ ತೃಪ್ತಿಪಟ್ಟರು. ಇಷ್ಟಾದರೂ ಓಡಿ ತೋರಿಸಿದರೆ ಮುಂದಿನದಕ್ಕೆ ಹಣ ತಾನಾಗಿ ಬರುತ್ತದೆಂಬುದು ಅವರ ಎಣಿಕೆ.

೧೯೨೫ರ ಸೆಪ್ಟೆಂಬರ್ ೨೭ರಂದು ಅಗೆತವು ಆರಂಭವಾಯಿತು. ಬೀದಿಯನ್ನೇ ಮೇಲಿನಿಂದ ತೋಡಿ, ಒಳಗೆ ಉಕ್ಕಿನ ಮತ್ತು ಕಾಂಕ್ರೀಟಿನ ಪೆಟ್ಟಿಗೆಯಂಥ ದಾರಿಯನ್ನು ಕಟ್ಟಿ, ಮತ್ತೆ ಮುಚ್ಚುವ ವಿಧಾನವನ್ನು ಅನುಸರಿಸಿದರು. ಕೆಳಗೆ ಆಳುಗಳು ಮಣ್ಣು ಹೊರುತ್ತಿದ್ದರೆ ಮೇಲೆ ಹಾಸಿದ ಹಲಗೆಗಳ ಮೇಲೆ ಬೀದಿಯ ವ್ಯವಹಾರ ಎಂದಿನಂತೆ ಸಾಗಬೇಕು. ಇದು ಎಷ್ಟು ಕಷ್ಟದ ಕೆಲಸವೆಂಬುದನ್ನು ಪಟ್ಟಣದ ಬೀದಿಯಲ್ಲಿ ಒಂದು ಕೊಳಾಯಿ ಹೂಳುವುದನ್ನು ಕಂಡವರೂ ಊಹಿಸಬಹುದು.

೧೯೨೭ರ ಡಿಸೆಂಬರ್ ೩೦ರಂದು ದಾರಿಯು ಜನರಿಗೆ ತೆರೆಯಿತು. ಏಷ್ಯಾ ಖಂಡದಲ್ಲಿ ನಗರದ ಜನರ ಓಡಾಟಕ್ಕಾಗಿ ನೆಲದಡಿಯಲ್ಲಿ ನಡೆದ ಈ ಬಗೆಯ ರೈಲು ಇದೇ ಮೊದಲು. ಆಸಾಕುಸ, ತಾವರಮಾಚಿ, ಇನಾರಿಚೋ, ಉಯೆನೋ, ಇವೇ ಆ ನಾಲ್ಕು ನಿಲ್ದಾಣಗಳು. ಹತ್ತು ಸೆನ್ ನಾಣ್ಯವನ್ನು ಹಾಕಿದರೆ ತಿರುಗುವ ಕಂಬಿಬಾಗಿಲು ದಾರಿಬಿಡುತ್ತಿತ್ತು. ಟಿಕೆಟ್ಟಿನ ಗೊಡವೆಯೇ ಇರಲಿಲ್ಲ. ಸುಮಾರು ಐದು ನಿಮಿಷದ ಪ್ರಯಾಣಕ್ಕಾಗಿ ಜನ ಎರಡು ಗಂಟೆಗಳಷ್ಟು ಕಾಲ ಸಾಲಿನಲ್ಲಿ ನಿಂತರಂತೆ. ಚಿತ್ರಕಾರ ಸುಗಿಯುರ ಹಿಸುಯಿ ಅವರು ಆ ಸಂದರ್ಭಕ್ಕಾಗಿ ರಚಿಸಿದ ಭಿತ್ತಿಪತ್ರವು ಇಂದಿಗೂ ಪ್ರಸಿದ್ಧವಾಗಿದೆ. ಕಿಮೋನೋ ತೊಟ್ಟವರೂ, ಪಾಶ್ಚಾತ್ಯ ಉಡುಪಿನವರೂ, ಮಕ್ಕಳೂ ಪ್ಲಾಟ್‌ಫಾರಮ್ಮಿನ ಅಂಚಿನಲ್ಲಿ ಸಾಲುಗಟ್ಟಿ, ಬರುತ್ತಿರುವ ಹಳದಿ ಬಂಡಿಯ ಕಡೆ ನೋಡುತ್ತಿರುವ ಚಿತ್ರ ಅದು.

ಆ ಬಂಡಿಯ ವಿಷಯವಾಗಿ ಎರಡು ಮಾತು ಹೇಳಬೇಕು. ೧೯೦೩ರಲ್ಲಿ ಪ್ಯಾರಿಸ್ಸಿನ ಸುರಂಗ ರೈಲಿನಲ್ಲಿ ಬೆಂಕಿ ಬಿದ್ದು ೮೪ ಜನ ಮಡಿದಿದ್ದರು. ಆಗಿನ ಬಂಡಿಗಳಲ್ಲಿ ಮರವೇ ಹೆಚ್ಚು. ಹಯಕಾವರು ತಮ್ಮ ಬಂಡಿಗಳನ್ನು ಪೂರ್ತಿಯಾಗಿ ಉಕ್ಕಿನಿಂದಲೇ ಮಾಡಿಸಿದರು. ಚಾಲಕನು ಅಪಾಯದ ಸಂಕೇತವನ್ನು ಮೀರಿ ನಡೆದರೆ ಬಂಡಿಯನ್ನು ತಾನಾಗಿಯೇ ನಿಲ್ಲಿಸುವ ಯಂತ್ರವನ್ನೂ ಅಳವಡಿಸಿದರು. ಬಣ್ಣ ಹಳದಿ, ಇದು ಬರ್ಲಿನ್ನಿನ ಸುರಂಗ ರೈಲನ್ನು ನೋಡಿ ಆರಿಸಿದ್ದು. ಹಣಕ್ಕಾಗಿ ದಾರಿಯ ಉದ್ದವನ್ನು ಕಡಿಮೆ ಮಾಡಿದವರು ಪ್ರಯಾಣಿಕನ ಪ್ರಾಣರಕ್ಷಣೆಯಲ್ಲಿ ಒಂದು ಸೆನ್ನನ್ನೂ ಉಳಿಸಲು ಹೋಗಲಿಲ್ಲವೆಂಬುದನ್ನು ನಾವು ಗಮನಿಸಬೇಕು.

ನಿಲ್ದಾಣವೆಂದರೆ ರೈಲು ಹತ್ತಿ ಇಳಿಯುವ ಜಾಗ ಮಾತ್ರವೆಂದು ಹಯಕಾವರು ತಿಳಿಯಲಿಲ್ಲ. ಆಸಾಕುಸದ ಒಂದು ಬಾಗಿಲಿಗೆ ದೇವಾಲಯದ ಮಾದರಿಯ ಮಾಡನ್ನು ಕಟ್ಟಿಸಿದರು. ಅದು ಇಂದಿಗೂ ಉಳಿದಿದೆ. ಅಲ್ಲಿಯೇ ಕಂಪನಿಯ ಊಟದ ಮನೆಯನ್ನು ತೆರೆದರು. ೧೯೩೧ರಲ್ಲಿ ಉಯೆನೋದಲ್ಲಿ ಕಂಪನಿಯದೇ ಅಂಗಡಿಯ ಮಹಡಿ ಕಟ್ಟಡವು ಎದ್ದಿತು. ಅಂಗಡಿಯ ಲಾಭವು ರೈಲನ್ನು ಸಾಕುತ್ತದೆ, ರೈಲು ಅಂಗಡಿಗೆ ಗಿರಾಕಿಗಳನ್ನು ತರುತ್ತದೆ. ಇದು ಅವರ ಲೆಕ್ಕಾಚಾರ. ಮಿತ್ಸುಕೋಶಿ ಎಂಬ ದೊಡ್ಡ ಅಂಗಡಿಯವರಂತೂ ತಮ್ಮ ಬಾಗಿಲಿಗೇ ನಿಲ್ದಾಣ ಬರಲೆಂದು ಅದರ ವೆಚ್ಚವನ್ನು ತಾವೇ ವಹಿಸಿಕೊಂಡರು. ೧೯೩೨ರ ಏಪ್ರಿಲಿನಲ್ಲಿ ತೆರೆದ ಆ ನಿಲ್ದಾಣಕ್ಕೆ ಮಿತ್ಸುಕೋಶಿಮಾಯೆ ಎಂಬ ಹೆಸರಾಯಿತು. ಮಿತ್ಸುಕೋಶಿಯ ಮುಂದೆ ಎಂದು ಅದರ ಅರ್ಥ.

ಹೀಗೆ ತುಂಡುತುಂಡಾಗಿ ದಾರಿ ಬೆಳೆಯಿತು. ಕಾಂದಾ ಹೊಳೆಯ ಅಡಿಯಲ್ಲಿ ಸುರಂಗ ತೋಡುವವರೆಗೆ ಕಾಯದೆ, ೧೯೩೦ರ ಜನವರಿ ೧ರಂದು ಹೊಳೆಯ ಈಚೆ ದಡದಲ್ಲಿ ಮಾನ್‌ಸೇಬಾಶಿ ಎಂಬ ತಾತ್ಕಾಲಿಕ ನಿಲ್ದಾಣವನ್ನು ತೆರೆದರು. ೧೯೩೧ರಲ್ಲಿ ಹೊಳೆ ದಾಟಿ ಕಾಂದಾ ಸೇರಿದ ಮೇಲೆ ಅದನ್ನು ಮುಚ್ಚಿದರು. ೧೯೩೪ರ ಮಾರ್ಚಿನಲ್ಲಿ ಗಿಂಜಾ, ಜೂನಿನಲ್ಲಿ ಶಿಂಬಾಶಿ. ಆಸಾಕುಸದಿಂದ ಶಿಂಬಾಶಿಗೆ ಎಂಟು ಕಿಲೋಮೀಟರು. ಕಾಳು ಎಣಿಸಿದ ಮನುಷ್ಯನ ಕನಸು ಹದಿನೆಂಟು ವರ್ಷಗಳಲ್ಲಿ ನಗರದ ಹೃದಯವನ್ನು ಹಾದುಹೋಗಿತ್ತು.

ಇಲ್ಲಿಗೇ ಕಥೆ ಮುಗಿದಿದ್ದರೆ ಇದು ಬರಿಯ ವಿಜಯಗಾಥೆಯಾಗುತ್ತಿತ್ತು. ಆದರೆ ೧೯೩೪ರಲ್ಲಿಯೇ ಇನ್ನೊಂದು ಕಂಪನಿ ಹುಟ್ಟಿಕೊಂಡಿತು. ಅದರ ಹಿಂದಿದ್ದವರು ಗೋತೋ ಕೇತಾ. ಮೊದಲು ಹೇಳಿದ ಗೋತೋ ಅವರಿಗೂ ಇವರಿಗೂ ಹೆಸರೊಂದೇ. ಇವರು ಬೇರೆ ಮನೆತನದವರು. ಟೋಕಿಯೋದ ನೈಋತ್ಯಕ್ಕೆ ಹಲವು ರೈಲ್ವೆಗಳನ್ನು ಒಂದೊಂದಾಗಿ ವಶಪಡಿಸಿಕೊಂಡು ಬೆಳೆದ ಬಲಶಾಲಿ ಉದ್ಯಮಿ. ಇವರ ಕಂಪನಿಯು ಶಿಬುಯಾದಿಂದ ಶಿಂಬಾಶಿಯತ್ತ ಸುರಂಗ ತೋಡತೊಡಗಿತು. ಶಿಬುಯಾ ಕಣಿವೆಯಂಥ ತಗ್ಗು ಪ್ರದೇಶವಾದ್ದರಿಂದ ಅಲ್ಲಿ ನೆಲದಡಿಯ ರೈಲೇ ಹೊರಬಂದು ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ನಿಲ್ಲುವಂತಾಯಿತೆಂಬುದು ಒಂದು ಸ್ವಾರಸ್ಯ. ಶಿಂಬಾಶಿಯಲ್ಲಿ ಎರಡು ದಾರಿಗಳನ್ನು ಕೂಡಿಸಿ ರೈಲುಗಳನ್ನು ಆಸಾಕುಸದವರೆಗೆ ನೇರವಾಗಿ ಓಡಿಸಬೇಕೆಂಬುದು ಗೋತೋ ಅವರ ಹಟ. ಹಯಕಾವರಿಗಾದರೋ ಶಿನಾಗಾವದ ಕಡೆಗೆ ಹೋಗುವ ಹಳೆಯ ಯೋಜನೆಯ ಮೇಲೆಯೇ ಮನಸ್ಸು. ತಾವು ರಕ್ತ ಬಸಿದು ಕಟ್ಟಿದ ದಾರಿಯಲ್ಲಿ ಇನ್ನೊಬ್ಬರ ಬಂಡಿ ಓಡುವುದನ್ನು ಅವರು ಒಪ್ಪಲಿಲ್ಲ.

ಪರಿಣಾಮವೇನಾಯಿತು? ೧೯೩೯ರ ಜನವರಿ ೧೫ರಂದು ಗೋತೋ ಅವರ ರೈಲು ಶಿಂಬಾಶಿಗೆ ಬಂದಾಗ ಒಂದೇ ಊರಿನ ಒಂದೇ ಜಾಗದಲ್ಲಿ, ಒಂದು ಗೋಡೆಯ ಆಚೆಗೊಂದು ಈಚೆಗೊಂದು ಎಂದು ಎರಡು ಶಿಂಬಾಶಿ ನಿಲ್ದಾಣಗಳಾದವು. ಶಿಬುಯಾದಿಂದ ಗಿಂಜಾಕ್ಕೆ ಹೋಗುವವನು ಒಂದು ರೈಲನ್ನು ಬಿಟ್ಟು, ಗೋಡೆಯನ್ನು ಬಳಸಿಕೊಂಡು ಹೋಗಿ ಇನ್ನೊಂದು ರೈಲನ್ನು ಹತ್ತಬೇಕಾಗಿತ್ತು. ಎಂಟು ತಿಂಗಳು ಹೀಗೆ ನಡೆಯಿತು. ಅದೇ ವರ್ಷದ ಸೆಪ್ಟೆಂಬರ್ ೧೬ರಿಂದ ಗೋಡೆಯ ಅಡ್ಡಿ ಹೋಗಿ ರೈಲುಗಳು ಶಿಬುಯಾದಿಂದ ಆಸಾಕುಸದವರೆಗೆ ನೇರವಾಗಿ ಓಡತೊಡಗಿದವು. ಗೋತೋ ಅವರ ಹೊಸ ಪ್ಲಾಟ್‌ಫಾರಂ ಪಾಳುಬಿತ್ತು. ಪ್ರಯಾಣಿಕರ ಕಣ್ಣಿಗೆ ಬೀಳದೆ ಅದು ಈಗಲೂ ಅಲ್ಲಿದೆ. ಅಷ್ಟರಲ್ಲಿ ಗೋತೋ ಅವರು ಹಯಕಾವರ ಕಂಪನಿಯ ಷೇರುಗಳನ್ನೇ ಭಾರಿ ಪ್ರಮಾಣದಲ್ಲಿ ಕೊಂಡಿದ್ದರು. ಜಗಳ ಮುದಿರಿ, ಸರ್ಕಾರ ಮಧ್ಯೆ ಬಂದು, ೧೯೪೦ರಲ್ಲಿ ಹಯಕಾವರು ತಾವೇ ಹುಟ್ಟಿಸಿದ ಕಂಪನಿಯನ್ನು ಬಿಟ್ಟು ಹೊರನಡೆಯಬೇಕಾಯಿತು.

ಈ ಘಟ್ಟದಲ್ಲಿ ನಾನು ಬಹಳ ಹೊತ್ತು ಯೋಚಿಸಿದೆ. ಹಯಕಾವರ ಮೇಲಣ ಗೌರವದಿಂದ ಗೋತೋ ಅವರನ್ನು ಖಳನಾಯಕರನ್ನಾಗಿ ಮಾಡುವುದು ಸುಲಭ. ಜಪಾನಿನಲ್ಲಿಯೂ ಹಾಗೆ ಬರೆದವರುಂಟು. ಆದರೆ ಶಿಂಬಾಶಿಯ ಗೋಡೆಯ ಬಳಿ ನಿಂತ ಪ್ರಯಾಣಿಕನ ದೃಷ್ಟಿಯಿಂದ ನೋಡಿದರೆ ನ್ಯಾಯವು ಬೇರೆಯಾಗಿ ಕಾಣುತ್ತದೆ. ಹಯಕಾವರ ಪಾಲಿಗೆ ಸೋಲಿನ ದಿನವಾಗಿದ್ದುದು ಆ ಪ್ರಯಾಣಿಕನ ಪಾಲಿಗೆ ಅನುಕೂಲದ ದಿನವಾಯಿತು. ಕೂಡುರಸ್ತೆಯಲ್ಲಿ ನಿಂತು ಪ್ರತಿಯೊಬ್ಬ ಪಾದಚಾರಿಗೂ ಒಂದು ಕಾಳನ್ನು ಎತ್ತಿಟ್ಟ ಹಯಕಾವರೇ ಈ ಪ್ರಯಾಣಿಕನನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದರೆಂದು ವಿನಯದಿಂದಲೇ ಹೇಳಬೇಕಾಗಿದೆ. ಇದು ಅವರೊಬ್ಬರ ದೋಷವಲ್ಲ. ಸಾರ್ವಜನಿಕರ ದಾರಿಯನ್ನು ಖಾಸಗಿ ಕಂಪನಿಗಳು ತುಂಡುತುಂಡಾಗಿ ಕಟ್ಟಿದಾಗ ತುಂಡುಗಳ ನಡುವೆ ಗೋಡೆ ಏಳುವುದು ಸಹಜ. ಒಸಾಕಾ ನಗರದಲ್ಲಿ ೧೯೩೩ರಲ್ಲಿ ಸುರಂಗ ರೈಲನ್ನು ತೆರೆದದ್ದು ನಗರಸಭೆ. ಅಲ್ಲಿ ಇಂಥ ಗೋಡೆಗೆ ಅವಕಾಶವಾಗಲಿಲ್ಲ. ಆದರೆ ಟೋಕಿಯೋದಲ್ಲಿ ಹಯಕಾವರು ಕೈಹಾಕಿದಾಗ ಮುಂದೆ ಬಂದು ಹೊಣೆ ಹೊರಲು ಯಾವ ನಗರಸಭೆಯೂ ಸಿದ್ಧವಿರಲಿಲ್ಲವೆಂಬುದೂ ಅಷ್ಟೇ ನಿಜ.

ಕಡೆಗೆ ಗೆದ್ದವರಿಗೂ ದಾರಿ ದಕ್ಕಲಿಲ್ಲ. ಯುದ್ಧಕಾಲದ ಕಾನೂನಿನಂತೆ ೧೯೪೧ರ ಸೆಪ್ಟೆಂಬರಿನಲ್ಲಿ ಎರಡೂ ಕಂಪನಿಗಳ ಮಾರ್ಗಗಳನ್ನು ಹೊಸದೊಂದು ಸಾರ್ವಜನಿಕ ಸಂಸ್ಥೆಯು ವಹಿಸಿಕೊಂಡಿತು. ಹಯಕಾವರು ಹುಟ್ಟೂರಿಗೆ ಮರಳಿ, ಅಲ್ಲಿಯ ತರುಣರ ಶಿಕ್ಷಣಕ್ಕೆ ಮನಸ್ಸು ಕೊಟ್ಟರು. ೧೯೪೨ರ ನವೆಂಬರ್ ೨೯ರಂದು, ಅರವತ್ತೊಂದನೆಯ ವಯಸ್ಸಿನಲ್ಲಿ ಕಾಲವಾದರು. ಟೋಕಿಯೋದಲ್ಲಿ ಎರಡನೆಯ ಹೊಸ ಮಾರ್ಗ ತೆರೆದದ್ದು ೧೯೫೪ರಲ್ಲಿ. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಅವರ ದಾರಿಗೆ ಈಗ ಗಿಂಜಾ ಮಾರ್ಗವೆಂದು ಹೆಸರು. ಉದ್ದ ಹದಿನಾಲ್ಕು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಹತ್ತೊಂಬತ್ತು ನಿಲ್ದಾಣಗಳು. ಬಡತನದಲ್ಲಿ ಕಟ್ಟಿದ್ದರ ಗುರುತು ಇನ್ನೂ ಮಾಸಿಲ್ಲ. ಸುರಂಗ ಕಿರಿದು, ಪ್ಲಾಟ್‌ಫಾರಂ ಗಿಡ್ಡ, ಆರೇ ಗಾಡಿಗಳ ಸಣ್ಣ ರೈಲು. ೨೦೧೨ರಿಂದ ಬಂದ ಹೊಸ ಬಂಡಿಗಳಿಗೆ ಮೊದಲಿನ ಹಳದಿ ಬಣ್ಣವನ್ನೇ ಬಳಿದಿದ್ದಾರೆ. ಮೊಟ್ಟಮೊದಲ ಬಂಡಿಯು ವಸ್ತುಸಂಗ್ರಹಾಲಯದಲ್ಲಿದ್ದು ೨೦೧೭ರಲ್ಲಿ ರಾಷ್ಟ್ರದ ಮಹತ್ವದ ಸಾಂಸ್ಕೃತಿಕ ಸ್ವತ್ತೆಂದು ಮನ್ನಣೆ ಪಡೆಯಿತು. ಗಿಂಜಾ ನಿಲ್ದಾಣದಲ್ಲಿ ಶಿಲ್ಪಿ ಅಸಾಕುರ ಫುಮಿಯೋ ಅವರು ಮಾಡಿದ ಹಯಕಾವರ ಪ್ರತಿಮೆಯಿದೆ. ದಿನವೂ ಅದರ ಮುಂದೆ ಹಾದುಹೋಗುವ ಜನರಲ್ಲಿ ಎಷ್ಟು ಮಂದಿ ನಿಂತು ನೋಡುತ್ತಾರೋ!

ನಮ್ಮ ನಾಡಿನಲ್ಲಿಯೂ ೨೦೧೬ರಿಂದ ಬೆಂಗಳೂರಿನ ನೆಲದಡಿಯಲ್ಲಿ ಮೆಟ್ರೋ ರೈಲು ಓಡುತ್ತಿದೆ. ಆ ಯೋಜನೆಗೆ ಒದಗಿದ ಹಣದಲ್ಲಿ ಜಪಾನ್ ದೇಶದ ಸಾಲವೂ ಸೇರಿದೆ. ಆದ್ದರಿಂದ ಹಯಕಾವರ ಕಥೆ ನಮಗೆ ತೀರ ದೂರದ್ದಲ್ಲ. ಇದರಿಂದ ನಾವು ಕಲಿಯಬೇಕಾದದ್ದು ಎರಡು. ದೊಡ್ಡ ಮಾತನ್ನು ಆಡುವ ಮೊದಲು ಬೀದಿಗಿಳಿದು ಎಣಿಸಬೇಕು ಎಂಬುದು ಒಂದು. ಇದನ್ನು ಅವರ ಗೆಲುವು ಕಲಿಸುತ್ತದೆ. ಜನರಿಗಾಗಿ ಕಟ್ಟಿದ್ದು ಕಟ್ಟಿ ಮುಗಿದ ದಿನದಿಂದಲೇ ಜನರದು, ಕಟ್ಟಿದವನದಲ್ಲ ಎಂಬುದು ಎರಡನೆಯದು. ಇದನ್ನು ಅವರ ಸೋಲು ಕಲಿಸುತ್ತದೆ. ಮೊದಲನೆಯ ಪಾಠಕ್ಕೆ ಶ್ರಮ ಬೇಕು. ಎರಡನೆಯದಕ್ಕೆ ಬೇಕಾದ ಮನಸ್ಸು ಅದಕ್ಕಿಂತಲೂ ದುರ್ಲಭವಾದುದು.